ಟ್ಯಾಂಕರ್ ನೀರು ಎಲ್ಲಿ ಹೋಗುತ್ತಿತ್ತು: ಕೋಲಾರದ ಒಂದು ಕಟ್ಟಡದ ರಿಪೇರಿ ಲೆಕ್ಕ

ಕೆಲಸ ನಡೆದ ಕಟ್ಟಡದ ವಿವರ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಅಂಕಿಗಳಿಗೆ ಅರ್ಥವಿರುವುದಿಲ್ಲ. ಕೋಲಾರ ಪೇಟೆಯೊಳಗೆ 30x50ರ ಸೈಟು. ರಸ್ತೆ ಕಡೆಯ ಮಳಿಗೆಯಲ್ಲಿ ಒಂದು ಟಿಫನ್ ಹೋಟೆಲ್, ಹಿಂದೆ ನಮ್ಮ ಮನೆ, ಮಹಡಿ ಮೇಲೆ ಎರಡು ಬಾಡಿಗೆ ಮನೆ. ನೆಲದಡಿ ಇಟ್ಟಿಗೆ ಕಟ್ಟಿ ಗಾರೆ ಬಳಿದ ಹಳೆಯ ಸಂಪು, ತಾರಸಿ ಮೇಲೆ ಸಾವಿರ ಲೀಟರಿನ ಎರಡು ಸಿಂಟೆಕ್ಸು. ನಗರಸಭೆ ನಲ್ಲಿ ನಮ್ಮ ಬೀದಿಗೆ ವಾರಕ್ಕೊಮ್ಮೆ ಬಂದರೆ ಬಂತು. ನಮ್ಮ ಬೋರು ಬತ್ತಿ, ಕೇಸಿಂಗ್ ಪೈಪಿಗೆ ಮುಚ್ಚಳ ಬಿದ್ದು ವರ್ಷಗಳೇ ಆದವು. ಉಳಿದದ್ದೆಲ್ಲ ಟ್ಯಾಂಕರ್.

ನಮ್ಮ ಊರಿನಲ್ಲಿ ನೀರಿನ ಮಾತು ಎದ್ದರೆ ಅದು ಸೀದಾ ದೊಡ್ಡ ಯೋಜನೆಗಳಿಗೇ ಹೋಗುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗೆ ತುಂಬಿಸುವ ಕೆ.ಸಿ. ವ್ಯಾಲಿ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿದ್ದದ್ದು, ಮಾರ್ಕಂಡೇಯ ನದಿಯ ಯರಗೋಳ್ ಅಣೆಕಟ್ಟು 2023ರ ನವೆಂಬರಿನಲ್ಲಿ ಉದ್ಘಾಟನೆಯಾದದ್ದು, ಎತ್ತಿನಹೊಳೆ ಯಾವಾಗ ಬರುತ್ತದೆ ಅನ್ನುವುದು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯವರು ಇದನ್ನು ಮಾತಾಡದೆ ಇನ್ನೇನು ಮಾತಾಡಬೇಕು. ಆದರೆ ಕೆ.ಸಿ. ವ್ಯಾಲಿಯ ದಿನಕ್ಕೆ 44 ಕೋಟಿ ಲೀಟರ್ ಲೆಕ್ಕ ಬಾಯಲ್ಲೇ ಹೇಳುವ ನಮ್ಮಲ್ಲಿ ಒಬ್ಬರಿಗೂ ತಮ್ಮ ಮನೆಯ ದಿನದ ಲೆಕ್ಕ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ನಮ್ಮ ಗೇಟಿನ ಒಳಗೆ ಆಗುವ ನಷ್ಟಕ್ಕೆ ಯಾವ ಅಣೆಕಟ್ಟೂ ಜವಾಬ್ದಾರಿಯಲ್ಲ.

ಶುರುವಾದದ್ದು ಜಗಳದಿಂದ. ಟ್ಯಾಂಕರ್ ದುಡ್ಡನ್ನು ಹೋಟೆಲಿಗೆ ಅರ್ಧ, ಉಳಿದ ಅರ್ಧ ಮೂರು ಮನೆಗೆ ಅಂತ ಹಂಚುತ್ತಿದ್ದೆವು. ಬೇಸಿಗೆಯಲ್ಲಿ ತಿಂಗಳಿಗೆ 23 ಲೋಡಿನ ಹತ್ತಿರ ಆಗುತ್ತಿತ್ತು, ಲೋಡಿಗೆ 600 ರೂಪಾಯಿ. ಹೋಟೆಲಿನವರು ಒಂದು ದಿನ ಬಂದು, "ಅಣ್ಣಾ, ನಾನು ಮೂರು ಗಂಟೆಗೆ ಶಟರ್ ಎಳೀತೀನಿ. ರಾತ್ರಿಯೆಲ್ಲ ಸಂಪು ಖಾಲಿ ಆಗ್ತದೆ. ನನ್ ಮೇಲೆ ಯಾಕಣ್ಣಾ ಅರ್ಧ?" ಅಂದರು. ಮೇಲಿನ ಮನೆ ಟೀಚರಮ್ಮ, "ಹೋಟೆಲಿನ ನಲ್ಲಿ ದಿನವಿಡೀ ಸುರೀತಾನೇ ಇರುತ್ತೆ ಅಂಕಲ್, ನಾವ್ಯಾಕೆ ಕೊಡಬೇಕು" ಅಂದರು. ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಐ.ಟಿ.ಐ ಫಿಟ್ಟರ್ ಓದಿ ನರಸಾಪುರ ಕಡೆ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವನು ನಾನು. ಅಳತೆಯಿಲ್ಲದೆ ಪಂಚಾಯ್ತಿ ಮಾಡುವುದು ಮನಸ್ಸಿಗೆ ಒಪ್ಪಲಿಲ್ಲ.

ಮೊದಲ ಉಪಕರಣ: ಒಂದು ಮರದ ಪಟ್ಟಿ

ಸಂಪಿನ ಒಳ ಅಳತೆ 8 ಅಡಿಗೆ 8 ಅಡಿ, ಆಳ ಐದೂವರೆ ಅಡಿ. ಅಂದರೆ ತಳದ ವಿಸ್ತೀರ್ಣ 5.95 ಚದರ ಮೀಟರ್. ನೀರು ಒಂದು ಸೆಂಟಿಮೀಟರ್ ಏರಿದರೆ ಅಥವಾ ಇಳಿದರೆ ಸುಮಾರು 60 ಲೀಟರ್. ಈ ಒಂದು ಅಂಕಿ ಸಿಕ್ಕಿದ ಮೇಲೆ ಸಂಪೇ ಮೀಟರು. ಬಣ್ಣ ಬಳಿದ ಮರದ ಪಟ್ಟಿಗೆ ಟೇಪಿನ ಗುರುತು ಎಳೆದು ಮುಚ್ಚಳದ ಬಾಯಿಂದ ತಳಕ್ಕೆ ಮುಟ್ಟುವ ಹಾಗೆ ಮಾಡಿಕೊಂಡೆ. ಖರ್ಚು ಇಲ್ಲ ಅನ್ನಬಹುದು.

ಪಟ್ಟಿ ಮೊದಲು ಹಿಡಿದದ್ದು ಟ್ಯಾಂಕರನ್ನು. ಲೋಡಿಗೆ ಅವರು ಹೇಳುವ ಐದು ಸಾವಿರ ಲೀಟರ್ ಬಿದ್ದರೆ ನೀರು 84 ಸೆಂ.ಮೀ. ಏರಬೇಕು. ಏರಿದ್ದು 76. ಅಂದರೆ 4,500ರ ಆಸುಪಾಸು. ಟ್ಯಾಂಕರ್ ಹುಡುಗನಿಗೆ ಪಟ್ಟಿ ತೋರಿಸಿದೆ. ಅವನು ನಕ್ಕು, "ದಾರೀಲಿ ಹಂಪ್ ಜಾಸ್ತಿ ಸಾರ್, ಚೆಲ್ಲುತ್ತೆ" ಅಂದ. ಐನೂರು ಲೀಟರ್ ಚೆಲ್ಲುವ ಹಂಪು ಯಾವ ರಸ್ತೆಯಲ್ಲಿದೆಯೋ. ಆದರೂ ಅವನೊಬ್ಬನೇ ಅಲ್ಲ, ಬೇರೆಯವರನ್ನು ಕರೆಸಿ ನೋಡಿದಾಗಲೂ ಅಷ್ಟೇ ಬಂತು. ಹಾಗಾಗಿ ನನ್ನ ಲೆಕ್ಕದಲ್ಲಿ ಒಂದು ಲೋಡು ಅಂದರೆ 4,500.

ಮೀಟರುಗಳು

ನಾಲ್ಕು ಕಡೆಗೂ ಬೇರೆಬೇರೆ ಮೀಟರ್ ಬೇಕಿತ್ತು. ನಗರಸಭೆ ಪೈಪಿನ ಮೇಲೆ ಮೀಟರ್ ಕೂರಿಸಿ ಪ್ರಯೋಜನವಿಲ್ಲ. ವಾರದಿಂದ ಖಾಲಿ ಬಿದ್ದ ಪೈಪಿಗೆ ನೀರು ಬಿಟ್ಟಾಗ ಮೊದಲು ಗಾಳಿ ನುಗ್ಗಿ ಬರುತ್ತದೆ, ಆ ಗಾಳಿಗೂ ಮುಳ್ಳು ತಿರುಗುತ್ತದೆ. ಅದಕ್ಕೆ ತಾರಸಿ ಮೇಲೆ, ಟ್ಯಾಂಕಿನಿಂದ ಇಳಿಯುವ ಪ್ರತಿ ಲೈನಿಗೆ ಒಂದೊಂದು ಕೂರಿಸಿದೆವು. ಹೋಟೆಲ್ ಲೈನಿಗೆ 25 ಮಿ.ಮೀ., ಮನೆಗಳಿಗೆ 20 ಮಿ.ಮೀ., ಎಲ್ಲ ಸಾಮಾನ್ಯ ಮಲ್ಟಿಜೆಟ್ ಮೀಟರು. ಅಂಗಡಿಯವರು ಅರ್ಧ ಇಂಚಿನದೇ ಸಾಕು, ಅಗ್ಗ ಅಂತಾರೆ. ಕೇಳಬೇಡಿ. ಮೋಟರಿನ ಒತ್ತಡವಿಲ್ಲದೆ ಬರೀ ಟ್ಯಾಂಕಿನ ಎತ್ತರದ ಮೇಲೆ ಇಳಿಯುವ ನೀರಿಗೆ ಅಷ್ಟು ಸಣ್ಣ ಮೀಟರ್ ಅಡ್ಡ ಬಂದರೆ ಮೇಲಿನ ಮನೆಯ ಶವರ್ ಸತ್ತೇ ಹೋಗುತ್ತದೆ.

ಕೂರಿಸುವಾಗ ನೋಡಬೇಕಾದವು: ಬಾಣದ ಗುರುತು ನೀರು ಹರಿಯುವ ದಿಕ್ಕಿಗೆ, ಮುಖ ಮೇಲಕ್ಕೆ, ಪೈಪು ಮಟ್ಟಸವಾಗಿ, ಮೀಟರಿನ ಮುಂಚೆ ಒಂದು ಗೇಣಿನಷ್ಟಾದರೂ ನೇರ ಪೈಪು. ಪೈಪು ತಿರುಗುವ ಎಲ್ಬೋ ಪಕ್ಕದಲ್ಲೇ ಕೂರಿಸಿದರೆ ನೀರು ಸುಳಿಯಾಗಿ ಬಂದು ಲೆಕ್ಕ ತಪ್ಪಿಸುತ್ತದೆ. ಎರಡೂ ಕಡೆ ಬಿಚ್ಚಲು ಬರುವ ಯೂನಿಯನ್ ಜೋಡಣೆ ಇರಲಿ, ನಾಳೆ ಬಿಚ್ಚಿ ಜಾಲರಿ ತೊಳೆಯಬೇಕು. ಪೈಪು ಕತ್ತರಿಸಿ ಜೋಡಿಸಿದ ಮೇಲೆ ಟೀಚರಮ್ಮನ ಮನೆ ನಲ್ಲಿ ಉಗುಳತೊಡಗಿತು. ಏರ್‌ಲಾಕ್, ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ನಮ್ಮ ಪ್ಲಂಬರ್ ಎಲ್ಲ ಲೈನಿಗೂ ನೀರು ಹಂಚುವ ಹೆಡರ್ ಪೈಪಿನಿಂದ ಒಂದು ಗಾಳಿ ಪೈಪನ್ನು ಟ್ಯಾಂಕಿನ ಮಟ್ಟಕ್ಕಿಂತ ಎತ್ತರಕ್ಕೆ ಎಬ್ಬಿಸಿ ಬಿಟ್ಟರು, ಸರಿಹೋಯಿತು. ಒಳ್ಳೆ ಕೆಲಸಗಾರರು ಅವರು. ಕೋಪ ಬಂದರೆ ಮಾತು ಕನ್ನಡದಿಂದ ತೆಲುಗಿಗೆ ತಿರುಗುತ್ತದೆ, ಆವಾಗ ನಾವು ಸುಮ್ಮನೆ ಟೀ ತರಿಸಬೇಕು.

"ಮೀಟರ್ ಹಾಕ್ತಿದ್ದೀರಾ ಅಂದ್ರೆ ಬಾಡಿಗೆ ಏರಿಸ್ತೀರಾ ಅಂಕಲ್?" ಅಂತ ಟೀಚರಮ್ಮ ಕೇಳಿದರು. ಇಲ್ಲ, ಬಳಸಿದಷ್ಟಕ್ಕೆ ಮಾತ್ರ ಟ್ಯಾಂಕರ್ ಪಾಲು ಅಂತ ಕಾಗದದ ಮೇಲೆ ಬರೆದುಕೊಟ್ಟೆ. ಆಮೇಲೆ ನಾಲ್ಕೂ ಕಡೆಯವರು ಒಂದೊಂದು ಸಲ ತಾರಸಿ ಹತ್ತಿ ಮುಳ್ಳು ನೋಡಿ ಬಂದರು. ಮೀಟರ್, ಯೂನಿಯನ್, ಪೈಪು, ಕೂಲಿ ಎಲ್ಲ ಸೇರಿ ಹತ್ತು ಸಾವಿರ ದಾಟಲಿಲ್ಲ.

ಬಂದ ಲೆಕ್ಕ ಇದು. ದಿನಕ್ಕೆ ಸರಾಸರಿ ಹೋಟೆಲ್ 1,800 ಲೀಟರ್, ಐದು ಜನರಿರುವ ನಮ್ಮ ಮನೆ 620, ಮೇಲಿನವು 450 ಮತ್ತು 380. ಕೂಡಿದರೆ 3,250. ಸಂಪಿಗೆ ಬಿದ್ದ ನೀರು, ಅಂದರೆ ಟ್ಯಾಂಕರ್ ಮತ್ತು ನಲ್ಲಿ ಸೇರಿ, ದಿನಕ್ಕೆ 4,000ದ ಹತ್ತಿರ. ಪೇಟೆ ಮನೆಗೆ ಒಳಚರಂಡಿ ಇದ್ದರೆ ತಲಾ 135 ಲೀಟರ್ ಕೊಡಬೇಕು ಅನ್ನುವುದು ಕೇಂದ್ರ ಸರ್ಕಾರದ ಮಾನದಂಡ. ಅದಕ್ಕೆ ಹೋಲಿಸಿದರೆ ನಮ್ಮ ಮನೆಯ ತಲಾ 124 ದುಂದೇನಲ್ಲ. ಆದರೆ 4,000ದಲ್ಲಿ 3,250 ಕಳೆದರೆ ಉಳಿಯುವ 750 ಲೀಟರನ್ನು ಬಳಸಿದವರು ಯಾರು? ಹೋಟೆಲೂ ಅಲ್ಲ, ಟೀಚರಮ್ಮನೂ ಅಲ್ಲ. ನಮ್ಮ ಮನೆಗಿಂತ ಹೆಚ್ಚು ನೀರು ಕುಡಿಯುವ ಐದನೆಯ ಬಾಡಿಗೆದಾರ ಒಬ್ಬ ಕಟ್ಟಡದೊಳಗೆ ಇದ್ದ.

ನಗರಗಳ ನೀರು ಸರಬರಾಜಿನಲ್ಲೂ ಇದೇ ಲೆಕ್ಕ ಹಾಕುತ್ತಾರೆ. ಬಿಟ್ಟ ನೀರಿನಲ್ಲಿ ಬಿಲ್ ಆದ ನೀರನ್ನು ಕಳೆದು, ಉಳಿದದ್ದನ್ನು ಲೆಕ್ಕಕ್ಕೆ ಸಿಗದ ನೀರು ಅಂತಾರೆ. ಅದನ್ನು ಹುಡುಕದೆ ಜನರಿಗೆ "ನೀರು ಮಿತವಾಗಿ ಬಳಸಿ" ಅಂತ ಗೋಡೆ ಮೇಲೆ ಬರೆಯುವುದು ಕೆಲಸದ ತಲೆಕೆಳಗಾದ ಕ್ರಮ. ಮನೆಗೂ ಅದೇ ಮಾತು. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಅಂತ ಮಕ್ಕಳಿಗೆ ಗದರುವ ಮುಂಚೆ ಸಂಪಿನ ಮುಚ್ಚಳ ತೆಗೆದು ನೋಡಬೇಕು.

ಸಂಪು

ರಾತ್ರಿ ಮೋಟರ್ ಸ್ವಿಚ್ ತೆಗೆದು, ಒಳಬರುವ ವಾಲ್ವ್ ಮುಚ್ಚಿ, ಪಟ್ಟಿ ಇಳಿಸಿ ಗುರುತು ಹಾಕಿಕೊಂಡೆ. ಒಂಬತ್ತು ಗಂಟೆ ಕಳೆದು ಬೆಳಗ್ಗೆ ನೋಡಿದರೆ 4 ಸೆಂ.ಮೀ. ಇಳಿದಿದೆ. 240 ಲೀಟರ್, ಯಾರೂ ಮುಟ್ಟದೆ. ಮುಚ್ಚಿದ ಸಂಪಿನಲ್ಲಿ ಆವಿಯಾಗುವುದು ಲೆಕ್ಕಕ್ಕೇ ಬರುವುದಿಲ್ಲ.

ಸೋರುವ ಜಾಗ ಹುಡುಕಲು ಸುಲಭದ ಉಪಾಯ ಒಂದಿದೆ: ಸೋರಲು ಬಿಟ್ಟುಬಿಡುವುದು. ನೀರು ಎಲ್ಲಿ ಇಳಿಯುವುದು ನಿಲ್ಲುತ್ತದೋ ಆ ಎತ್ತರದಲ್ಲಿ ಬಿರುಕು ಇರುತ್ತದೆ. ತಳದಲ್ಲಿದ್ದರೆ ಪೂರ್ತಿ ಖಾಲಿಯಾಗುತ್ತದೆ. ನಮ್ಮದು ಎರಡು ಅಡಿ ನೀರು ಇರುವಾಗ ನಿಂತಿತು, ಮತ್ತೆ ಕದಲಲಿಲ್ಲ. ಅಂದರೆ ತಳ ಗಟ್ಟಿ, ನಾಲ್ಕು ಗೋಡೆಯಲ್ಲಿ ಒಂದರಲ್ಲಿ ಆ ಗೆರೆಯ ಹತ್ತಿರ ತೂತು. ಟಾರ್ಚ್ ಬಿಟ್ಟು ನೋಡಿದರೆ ರಸ್ತೆ ಕಡೆ ಗೋಡೆಯಲ್ಲಿ ಗಡ್ಡದ ಹಾಗೆ ಬೇರು ಇಳಿದಿತ್ತು. ಹೊರಗಿನ ಹೊಂಗೆ ಮರದ್ದು. ಆ ಮರ ಬೇಸಿಗೆಯಲ್ಲೂ ಅಷ್ಟು ಹಸಿರಾಗಿ ಯಾಕೆ ಇರುತ್ತಿತ್ತು ಅನ್ನುವುದು ಆವತ್ತು ತಿಳಿಯಿತು. ಅದರ ಕೆಳಗೇ ಆಟೋದವರು ನಿಲ್ಲಿಸಿಕೊಳ್ಳುವುದು, ಅದಕ್ಕೆ ಕಡಿಯುವ ಮಾತು ಯಾರೂ ಎತ್ತಲಿಲ್ಲ.

ಒಳಗೆ ಇಳಿಯುವ ಮುಂಚಿನ ಮಾತು ಸ್ವಲ್ಪ ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಸಂಪು ತೊಳೆಯಲು ಇಳಿದವರು ಮೇಲೆ ಬಾರದ ಸುದ್ದಿ ಪ್ರತಿ ವರ್ಷ ಎಲ್ಲೋ ಒಂದು ಕಡೆ ಓದುತ್ತೇವೆ. ಮುಚ್ಚಳವನ್ನು ಹಿಂದಿನ ದಿನವೇ ತೆಗೆದು ಬಾಯಿಗೆ ಕಬ್ಬಿಣದ ಜಾಲರಿ ಇಟ್ಟೆವು, ಮಕ್ಕಳು ಓಡಾಡುವ ಜಾಗ. ಹೊರಗಿನಿಂದ ಫ್ಯಾನ್ ಗಾಳಿ ಬಿಟ್ಟೆವು. ಮೋಟರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಒಬ್ಬರು ಒಳಗಿದ್ದರೆ ಒಬ್ಬರು ಬಾಯಿಯ ಹತ್ತಿರ ಹಗ್ಗ ಹಿಡಿದು ಕೂರಬೇಕು, ಒಳಗಿನವರು ಮಾತು ನಿಲ್ಲಿಸಿದರೆ ತಾವೂ ಹಿಂದೆ ಧುಮುಕಬಾರದು, ಹಗ್ಗ ಎಳೆಯಬೇಕು. ಡೀಸೆಲ್ ಪಂಪನ್ನು ಸಂಪಿನೊಳಗೆ ಇಳಿಸಿ ನೀರು ಹೊಡೆಯುವುದಂತೂ ಬೇಡವೇ ಬೇಡ, ಅದರ ಹೊಗೆಗೆ ವಾಸನೆ ಇಲ್ಲದ ವಿಷ ಇರುತ್ತದೆ.

ರಿಪೇರಿಯನ್ನು ಗಾರೆ ಮೇಸ್ತ್ರಿ ಮಾಡಿದರು, ನಾನು ಕೈಯಾಳು. ಬೇರು ಕತ್ತರಿಸಿ, ಬಿರುಕಿನುದ್ದಕ್ಕೂ ಉಳಿಯಿಂದ ಎರಡು ಸೆಂ.ಮೀ. ಆಳಕ್ಕೆ ಕೆತ್ತಿದರು. ಬಿರುಕಿನ ಮೇಲೆ ಸುಮ್ಮನೆ ಸಿಮೆಂಟ್ ಬಳಿದರೆ ಅದು ಒಂದು ಬೇಸಿಗೆಯೂ ನಿಲ್ಲುವುದಿಲ್ಲ, ಕೆತ್ತಿದ ಸಂದಿನಲ್ಲಿ ಗಾರೆ ಕಚ್ಚಿಕೊಳ್ಳಬೇಕು. ಬ್ರಷ್‌ನಿಂದ ಧೂಳು ತೆಗೆದು, ಗೋಡೆ ತೇವ ಮಾಡಿ, ಪಾಲಿಮರ್ ದ್ರಾವಣ ಬೆರೆಸಿದ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ಕರಣೆಯ ಮೂತಿಯಿಂದ ಒತ್ತಿ ಒತ್ತಿ ತುಂಬಿದರು. ಅದು ಗಟ್ಟಿಯಾದ ಮೇಲೆ ನಾಲ್ಕೂ ಗೋಡೆಗೆ ಸಿಮೆಂಟ್ ಮತ್ತು ಪಾಲಿಮರ್ ಕಲಸಿ ಬಳಿಯುವ ಕೋಟಿಂಗ್, ಎರಡು ಕೈ. ಮೊದಲ ಕೈ ಅಡ್ಡಕ್ಕೆ, ಎರಡನೆಯದು ಉದ್ದಕ್ಕೆ. ಡಬ್ಬದ ಮೇಲೆ ಕುಡಿಯುವ ನೀರಿನ ತೊಟ್ಟಿಗೆ ಬಳಸಬಹುದು ಅಂತ ಬರೆದಿರಬೇಕು. ತಾರಸಿಗೆ ಬಳಿಯುವ ಬಣ್ಣದ ಡಬ್ಬವನ್ನೇ ಅಂಗಡಿಯವರು ಇದಕ್ಕೂ ಆಗುತ್ತದೆ ಅಂತ ದಾಟಿಸಲು ನೋಡಿದರು.

ಕೋಟಿಂಗ್ ಒಣಗಿ ಕ್ಯೂರಿಂಗ್ ಆಗುವವರೆಗೆ ಟ್ಯಾಂಕರಿನಿಂದ ನೇರವಾಗಿ ತಾರಸಿಗೆ ಪೈಪು ಎಳೆದು ನೀರು ತುಂಬಿಸಿಕೊಂಡೆವು. ಆಮೇಲೆ ಸಂಪು ತೊಳೆದು ಆ ನೀರು ಹೊರಹಾಕಿ, ಪೂರ್ತಿ ತುಂಬಿಸಿ, ಬ್ಲೀಚಿಂಗ್ ಪೌಡರ್ ಹಾಕಿದೆವು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಅನ್ನುವುದು ರೂಢಿಯ ಪ್ರಮಾಣ, ಹತ್ತು ಸಾವಿರಕ್ಕೆ 25 ಗ್ರಾಂ. ಬಕೆಟಿನಲ್ಲಿ ಕಲಸಿ, ತಿಳಿ ಮಾತ್ರ ಹಾಕಬೇಕು, ಸುಣ್ಣದ ಗಸಿ ಬೇಡ. ಮೊದಲ ದಿನ ಹೊಸ ಗಾರೆ ಒಂದಷ್ಟು ನೀರು ಹೀರುತ್ತದೆ, ಅದನ್ನು ನೋಡಿ ಗಾಬರಿ ಬೇಡ. ಪರೀಕ್ಷೆ ಎರಡನೆಯ ರಾತ್ರಿಯದ್ದು. ಪಟ್ಟಿಯ ಗುರುತು ಕದಲಿರಲಿಲ್ಲ.

ತಾರಸಿಯ ಟ್ಯಾಂಕು ತುಂಬಿ ಹರಿಯುವುದೂ ಆ 750ರಲ್ಲಿ ಒಂದು ಪಾಲು. ಮೋಟರ್ ಹಾಕಿ ಮರೆಯುವುದು ಎಲ್ಲ ಮನೆಯ ಕಥೆ. ಸಂಪಿನಲ್ಲಿ ನೀರಿಲ್ಲದಾಗ ನಿಲ್ಲುವ, ಟ್ಯಾಂಕ್ ತುಂಬಿದಾಗಲೂ ನಿಲ್ಲುವ ಲೆವೆಲ್ ಕಂಟ್ರೋಲರ್ ಹಾಕಿಸಿದೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾವ ಎಲೆಕ್ಟ್ರಿಷಿಯನ್ನಾದರೂ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ.

ಜಿಲೇಬಿ ಬಣ್ಣ

ಇಷ್ಟಾದರೂ ಲೆಕ್ಕದಲ್ಲಿ ಇನ್ನೂ 80–90 ಲೀಟರ್ ಹೊಂದುತ್ತಿರಲಿಲ್ಲ. ಇಲ್ಲಿ ಮೀಟರಿನ ಒಂದು ದೌರ್ಬಲ್ಯ ತಿಳಿದಿರಬೇಕು. 20 ಮಿ.ಮೀ.ನ ಈ ಜಾತಿಯ ಮೀಟರು ಗಂಟೆಗೆ 50 ಲೀಟರಿಗಿಂತ ಕಡಿಮೆ ಹರಿವನ್ನು ಸರಿಯಾಗಿ ಹೇಳುವ ಹೊಣೆ ಹೊರುವುದಿಲ್ಲ. ಇನ್ನೂ ಸಣ್ಣದಾದರೆ ಮುಳ್ಳು ಅಲುಗುವುದೇ ಇಲ್ಲ. ಹನಿ ಹನಿ ಸೋರುವುದು ಮೀಟರನ್ನು ದಾಟಿ ಸದ್ದಿಲ್ಲದೆ ಹೋಗುತ್ತದೆ.

ಅಮೆರಿಕದ ಹಲವು ಊರುಗಳಲ್ಲಿ ನೀರು ಕೊಡುವ ಕಚೇರಿಯವರು ಮನೆಗಳಿಗೆ ಬಣ್ಣದ ಗುಳಿಗೆ ಪುಕ್ಕಟೆ ಕೊಡುತ್ತಾರೆ, ಫ್ಲಶ್ ಟ್ಯಾಂಕಿಗೆ ಹಾಕಿ ನೋಡಲು. ನಮಗೆ ಗುಳಿಗೆ ಯಾರು ಕೊಡಬೇಕು, ಹೋಟೆಲಿನ ಅಡುಗೆಮನೆಯಲ್ಲಿ ಜಿಲೇಬಿಗೆ ಹಾಕುವ ಕೇಸರಿ ಬಣ್ಣ ಇತ್ತು. ಒಂದು ಚಿಟಿಕೆ ನಮ್ಮ ಮನೆಯ ವೆಸ್ಟರ್ನ್ ಕಮೋಡಿನ ಫ್ಲಶ್ ಟ್ಯಾಂಕಿಗೆ ಹಾಕಿ, ಯಾರೂ ಮುಟ್ಟಬೇಡಿ ಅಂತ ಬಾಗಿಲು ಹಾಕಿದೆ. ಅರ್ಧ ಗಂಟೆಗೆ ಕೆಳಗಿನ ನೀರು ಕೇಸರಿಬಾತಾಗಿತ್ತು.

ಎಷ್ಟು ಸೋರುತ್ತಿದೆ ಅನ್ನುವುದನ್ನೂ ಅಳೆಯಬಹುದು. ಫ್ಲಶ್ ಟ್ಯಾಂಕಿಗೆ ನೀರು ಬರುವ ಆಂಗಲ್ ಕಾಕ್ ಮುಚ್ಚಿ, ಟ್ಯಾಂಕಿನೊಳಗೆ ಪೆನ್ಸಿಲ್ ಗುರುತು ಹಾಕಿ ಅರ್ಧ ಗಂಟೆ ಬಿಟ್ಟರೆ ಮೂರು ಸೆಂ.ಮೀ. ಇಳಿದಿತ್ತು. ಟ್ಯಾಂಕಿನ ಒಳ ಅಳತೆ 38ಕ್ಕೆ 15 ಸೆಂ.ಮೀ. ಲೆಕ್ಕ ಹಾಕಿದರೆ 1.7 ಲೀಟರ್. ದಿನಕ್ಕೆ 82. ಕಾಣೆಯಾದ ನೀರು ಸಿಕ್ಕಿತು.

ಕಾರಣ ನಮ್ಮ ನೀರೇ. ಟ್ಯಾಂಕರಿನಲ್ಲಿ ಬರುವ ಕೋಲಾರದ ಬೋರಿನ ನೀರಿನ ಗಡಸುತನಕ್ಕೆ ಫ್ಲಶ್ ವಾಲ್ವಿನ ರಬ್ಬರ್ ವಾಷರ್ ಮೇಲೆ ಬಿಳಿ ಉಪ್ಪು ಕಟ್ಟಿ, ವಾಷರು ಸರಿಯಾಗಿ ಕೂರದೆ ಸೋರುತ್ತದೆ. ವಾಷರ್ ಬದಲಿಸಿದರೆ ಸಾಲದು, ಅದು ಕೂರುವ ಪ್ಲಾಸ್ಟಿಕ್ ಅಂಚಿನ ಮೇಲಿನ ಉಪ್ಪೂ ಹೋಗಬೇಕು. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಬಿಸಿನೀರಿಗೆ ಹಾಕಿ, ಭಾಗಗಳನ್ನು ರಾತ್ರಿ ನೆನೆಯಲು ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ಬ್ಲೇಡಿನಿಂದ ಕೆರೆಯಬಾರದು, ಗೀರು ಬಿದ್ದರೆ ಮತ್ತೆ ಸೋರಿಕೆ. ಖರ್ಚು ನೂರು ರೂಪಾಯಿಯೊಳಗೆ. ಹಳೆಯ ಹತ್ತು ಲೀಟರಿನ ಫ್ಲಶ್ ಟ್ಯಾಂಕನ್ನೇ ತೆಗೆದು ಮೂರು ಮತ್ತು ಆರು ಲೀಟರಿನ ಎರಡು ಗುಂಡಿಯದು ಹಾಕಬಹುದಿತ್ತು. ಆದರೆ ಹಳೇ ಕಮೋಡಿಗೆ ಕಡಿಮೆ ನೀರು ಬಿಟ್ಟರೆ ಒಂದು ಸಲಕ್ಕೆ ಹೋಗುವುದಿಲ್ಲ, ಎರಡು ಸಲ ಒತ್ತುತ್ತಾರೆ, ಉಳಿತಾಯ ಅಲ್ಲಿಗೆ ಮುಗಿಯಿತು. ಕಮೋಡು ಬದಲಿಸುವ ದಿನ ಎರಡನ್ನೂ ಒಟ್ಟಿಗೆ ಬದಲಿಸುವುದು ಅಂತ ಬಿಟ್ಟೆ. ಟ್ಯಾಂಕಿನೊಳಗೆ ಇಟ್ಟಿಗೆ ಇಡುವ ಸಲಹೆ ಕೊಡುವವರಿದ್ದಾರೆ. ಇಟ್ಟಿಗೆ ಕರಗಿ ಪುಡಿ ವಾಷರಿನಡಿ ಸೇರುತ್ತದೆ, ಅದೂ ಸೋರಿಕೆಗೇ ದಾರಿ.

ಹೋಟೆಲ್

ಇಲ್ಲಿ ಉಳಿಸುವ ಜಾಗ ನಿಜವಾಗಿಯೂ ಇತ್ತು, ಆದರೆ ಜನರ ಅಭ್ಯಾಸ ನಡುವೆ ಇತ್ತು. ಕೈ ತೊಳೆಯುವ ನಲ್ಲಿಗಳಿಂದ ಬಕೆಟ್ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಳೆದರೆ ನಿಮಿಷಕ್ಕೆ 11 ಲೀಟರ್. ನಲ್ಲಿಯ ಮೂತಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಬಿಡುವ ಸಣ್ಣ ಜಾಲರಿ, ತಿರುಗಿಸಿದ ಮೇಲೆ ನಾಲ್ಕೂವರೆ. 2024ರ ಬರದಲ್ಲಿ ಬೆಂಗಳೂರು ಜಲಮಂಡಳಿ ಹೋಟೆಲು, ಮಾಲು, ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಕಡ್ಡಾಯ ಮಾಡಿದ್ದು ಇದನ್ನೇ. ಅಗ್ಗ, ಸುಲಭ. ಆದರೆ ಎಲ್ಲ ಕಡೆಗೂ ಒಪ್ಪುವ ಮದ್ದಲ್ಲ ಇದು. ಕೆಳಗಿನ ಹೋಟೆಲಿಗೆ ತಾರಸಿಯಿಂದ 25 ಅಡಿಗೂ ಮೇಲೆ ನೀರಿನ ಇಳಿತ ಸಿಗುತ್ತದೆ, ಅಲ್ಲಿ ಏರೇಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲಿನ ಮನೆಗೆ ಸಿಗುವುದು ಏಳೆಂಟು ಅಡಿ. ಅಲ್ಲಿ ಹಾಕಿದರೆ ನೀರು ಬರೀ ತೊಟ್ಟಿಕ್ಕುತ್ತದೆ. ಟೀಚರಮ್ಮನ ಮನೆಗೆ ಹಾಕಲಿಲ್ಲ. ಇನ್ನೊಂದು, ನಮ್ಮ ಗಡಸು ನೀರಿಗೆ ಏರೇಟರಿನ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಅದೇ ನಿಂಬೆ ಉಪ್ಪಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಯಾರೋ ಸಿಟ್ಟಿನಲ್ಲಿ ಕಿತ್ತು ಬಿಸಾಕುತ್ತಾರೆ.

ಹೆಚ್ಚು ನೀರು ಹೋಗುತ್ತಿದ್ದದ್ದು ಪಾತ್ರೆ ತೊಳೆಯುವಲ್ಲಿ. ಹುಡುಗರು ಬೆಳಗಿನ ರಷ್ಷಿನಲ್ಲಿ ನಲ್ಲಿ ಪೂರ್ತಿ ತಿರುಗಿಸಿ ತಟ್ಟೆಯನ್ನು ಅದರಡಿ ಹಿಡಿಯುತ್ತಾರೆ, ಕೈಯಲ್ಲಿ ತಟ್ಟೆ ಇಲ್ಲದಾಗಲೂ ನಲ್ಲಿ ಹರಿಯುತ್ತಲೇ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2000ದ ದಶಕದ ಆರಂಭದಲ್ಲಿ ನೀರಿನ ಸಂಸ್ಥೆಗಳವರು ಹೋಟೆಲಿನ ಅಡುಗೆಮನೆಗಳಿಗೇ ಹೋಗಿ, ತಟ್ಟೆಗೆ ನೀರು ಹೊಡೆಯುವ ಸ್ಪ್ರೇ ಗನ್ನುಗಳನ್ನು ಪುಕ್ಕಟೆ ಬದಲಿಸಿಕೊಟ್ಟಿದ್ದರು. ಆಮೇಲೆ 2006ರಿಂದ ಅಂಥ ಗನ್ನು ನಿಮಿಷಕ್ಕೆ ಸುಮಾರು ಆರು ಲೀಟರಿಗಿಂತ ಹೆಚ್ಚು ಬಿಡಬಾರದು ಅಂತ ಇಡೀ ದೇಶಕ್ಕೇ ನಿಯಮ ಬಂತು. ಗನ್ನಿನ ಗುಣ ಏನೆಂದರೆ ಬೆರಳು ಬಿಟ್ಟರೆ ನೀರು ನಿಲ್ಲುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಬಾತ್‌ರೂಮಿನ ಹೆಲ್ತ್ ಫಾಸೆಟ್. ಹೊಸದೇ ತಂದು ಪಾತ್ರೆ ತೊಟ್ಟಿಯ ಮೇಲೆ ಕೂರಿಸಲು ಹೋದೆ. ತೊಳೆಯುವ ಹುಡುಗ ಕೈ ಮುಗಿದ: "ಅಣ್ಣಾ, ಕಕ್ಕಸ್ಸಿನ ಗನ್ನು ತಂದು ತಟ್ಟೆಗೆ ಹಿಡೀರಿ ಅಂತೀರಲ್ಲ. ಗಿರಾಕಿ ನೋಡಿದ್ರೆ ಇಡ್ಲಿ ಇಲ್ಲೇ ಬಿಟ್ಟು ಎದ್ದೋಗ್ತಾನೆ." ಸರಿಯಾದ ಮಾತು. ಅದನ್ನು ವಾಪಸ್ ಕೊಟ್ಟು, ಗಾಡಿ ತೊಳೆಯುವ ಹಿತ್ತಾಳೆ ಮೂತಿಯ ಗನ್ನು ತಂದೆವು. ಅದಕ್ಕೆ ಯಾರ ತಕರಾರೂ ಬರಲಿಲ್ಲ.

ಜೊತೆಗೆ ತೊಳೆಯುವ ಕ್ರಮ ಬದಲಾಯಿತು. ಎಂಜಲನ್ನು ಮೊದಲು ರಬ್ಬರ್ ಪಟ್ಟಿಯಿಂದ ಕೆರೆದು ಡ್ರಮ್ಮಿಗೆ, ಅದನ್ನು ಹಸು ಸಾಕುವವರು ಒಯ್ಯುತ್ತಾರೆ. ಆಮೇಲೆ ಸೋಪಿನ ತೊಟ್ಟಿ, ಸಾದಾ ನೀರಿನ ತೊಟ್ಟಿ, ಕೊನೆಗೆ ಗನ್ನಿನ ಒಂದು ಹೊಡೆತ. ಟೇಬಲ್ಲಿಗೆ ಲೋಟದಲ್ಲಿ ತುಂಬಿ ಇಡುತ್ತಿದ್ದ ನೀರಿಗೆ ಬದಲು ಜಗ್ಗು. ತಟ್ಟೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ತೊಳೆಯುವುದನ್ನೇ ತಪ್ಪಿಸುವ ಹೋಟೆಲುಗಳಿವೆ, ಬಿಸಿ ಇಡ್ಲಿ ಸಾಂಬಾರನ್ನು ಪ್ಲಾಸ್ಟಿಕ್ ಮೇಲೆ ಸುರಿಯುವ ಆ ಉಳಿತಾಯ ನಮಗೆ ಬೇಡವೆನಿಸಿತು. ಬಾಳೆ ಎಲೆ ತುಂಡು ಸಿಕ್ಕ ದಿನ ಅದನ್ನು ಹಾಸುತ್ತಾರೆ. ಹೋಟೆಲಿನ ದಿನದ ಲೆಕ್ಕ 1,800ರಿಂದ 1,250ಕ್ಕೆ ಇಳಿಯಿತು. ಮೀಟರಿನ ಪಾಲು ಬರುವ ಮುಂಚೆ ಇದೇ ಮಾತು ಹೇಳಿದ್ದರೆ ಅವರು ಕೇಳುತ್ತಿದ್ದರು ಅನ್ನುವ ನಂಬಿಕೆ ನನಗಿಲ್ಲ. ಅವರದು ತಪ್ಪೂ ಅಲ್ಲ. ಉಳಿಸಿದ ನೀರಿನ ದುಡ್ಡು ಪಕ್ಕದವರ ಜೇಬಿಗೆ ಹೋಗುವುದಾದರೆ ಯಾರು ಉಳಿಸುತ್ತಾರೆ?

ಆರ್.ಓ. ನೀರು

ಬೇರೆ ಊರಿನವರು ಆರ್.ಓ. ನೀರು ಹಾಳು, ತೆಗೆದುಹಾಕಿ ಅಂತ ಹೇಳುವುದು ಸುಲಭ. ನಮ್ಮ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರು ವರ್ಷಾನುಗಟ್ಟಲೆ ಕುಡಿದು ಹಲ್ಲು ಕಂದು ಗಟ್ಟಿದವರು, ಮೂಳೆ ಬಾಗಿದವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಾಢವಾಗುತ್ತದೆ. ಹಾಗಾಗಿ ಆರ್.ಓ. ಇರಲಿ. ನಮ್ಮ ಯಂತ್ರ ಒಂದು ಲೀಟರ್ ಕೊಟ್ಟು ಮೂರು ಲೀಟರ್ ಹೊರಬಿಡುತ್ತಿತ್ತು. ಆ ಪೈಪನ್ನು ಸಿಂಕಿನಿಂದ ತೆಗೆದು 50 ಲೀಟರಿನ ಡ್ರಮ್ಮಿಗೆ ಬಿಟ್ಟೆವು, ನೆಲ ಒರೆಸಲು, ಇಂಡಿಯನ್ ಕಕ್ಕಸ್ಸಿಗೆ ಸುರಿಯಲು. ಗಿಡಕ್ಕೆ ಹಾಕುವುದಿಲ್ಲ. ಉಪ್ಪೂ ಫ್ಲೋರೈಡೂ ಅದರಲ್ಲೇ ಉಳಿದಿರುತ್ತದೆ, ಕುಂಡದ ಮಣ್ಣು ಹಾಳಾಗುತ್ತದೆ. ಇದರಿಂದ, ಸೊಪ್ಪು ತೊಳೆದ ನೀರನ್ನು ಮರುಬಳಸುವುದರಿಂದ ನಮ್ಮ ಮನೆ 620ರಿಂದ 510ಕ್ಕೆ ಬಂದಿದೆ. ಮೇಲಿನ ಎರಡು ಮನೆಯ ಲೆಕ್ಕ ಬದಲಾಗಿಲ್ಲ, ಅವರು ಮೊದಲೇ ಬಿಗಿಯಾಗಿ ಬಳಸುವವರು.

ಮಳೆ

ಇದನ್ನು ಕೊನೆಗಿಟ್ಟೆ, ಸೋರುವ ಸಂಪಿಗೆ ಮಳೆ ನೀರು ತುಂಬಿ ಏನು ಸುಖ. ತಾರಸಿ 93 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ 700 ಮಿ.ಮೀ.ಗಿಂತ ತುಸು ಹೆಚ್ಚು. ನೂರಕ್ಕೆ ಇಪ್ಪತ್ತು ಪಾಲು ಆರಿಹೋಗುತ್ತದೆ, ಚೆಲ್ಲುತ್ತದೆ ಅಂದುಕೊಂಡರೂ 52,000 ಲೀಟರ್. 40 ಮಿ.ಮೀ. ಬಿದ್ದ ಒಂದು ಸಂಜೆಗೆ ಮೂರು ಸಾವಿರ. ಹಸ್ತ, ಚಿತ್ತೆ ಕೈಕೊಡದಿದ್ದರೆ ನಮಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹೆಚ್ಚು ಬೀಳುವುದು.

ಮೊದಲ ಮಳೆಯ ಕೊಳೆ ನೀರನ್ನು ಬೇರ್ಪಡಿಸಲು ನಾಲ್ಕಿಂಚಿನ ಪೈಪನ್ನು ಮೂರಡಿ ನಿಲ್ಲಿಸಿ, ಕೆಳಗೆ ಮುಚ್ಚಳ ಹಾಕಿ ಕೊಡುವವರೇ ಹೆಚ್ಚು. ಆ ಪೈಪಿನಲ್ಲಿ ಹಿಡಿಯುವುದು ಏಳು ಲೀಟರ್. 93 ಚದರ ಮೀಟರಿನ ಧೂಳು, ಪಾರಿವಾಳದ ಹಿಕ್ಕೆ ತೊಳೆದುಹೋಗಲು ಕನಿಷ್ಠ ಒಂದು ಮಿ.ಮೀ. ಮಳೆಯಾದರೂ ಹೊರಹೋಗಬೇಕು, ಅಂದರೆ 93 ಲೀಟರ್. ಹಾಗಾಗಿ ಆ ಪೈಪಿನ ಜಾಗಕ್ಕೆ ನೂರು ಲೀಟರಿನ ನೀಲಿ ಡ್ರಮ್ಮು ಜೋಡಿಸಿದೆ. ಅದು ತುಂಬಿದ ಮೇಲೆ ನೀರು ತಾನಾಗಿ ಫಿಲ್ಟರಿನ ದಾರಿ ಹಿಡಿಯುತ್ತದೆ. ಫಿಲ್ಟರಿಗೆ, ಬೆಂಗಳೂರಿನ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ ರೂಪಿಸಿದ ಪಾಪ್‌ಅಪ್ ಫಿಲ್ಟರ್ ಮಾದರಿಯನ್ನು ಆರಿಸಿದೆ. ಕಸ ಕಟ್ಟಿಕೊಂಡರೆ ಒಳಗಿನ ಭಾಗ ಮೇಲೆದ್ದು ನೀರನ್ನು ಹೊರಬಿಡುತ್ತದೆ, ತಾರಸಿಯಲ್ಲಿ ನೀರು ನಿಲ್ಲುವುದಿಲ್ಲ. ನೋಡಿದ ತಕ್ಷಣ ತೊಳೆಯುವ ಸಮಯ ಅಂತಲೂ ಗೊತ್ತಾಗುತ್ತದೆ.

ಬತ್ತಿದ ಬೋರಿಗೇ ಮಳೆ ನೀರು ಇಳಿಸಿ ಅಂತ ಬಹಳ ಜನ ಹೇಳಿದರು. ತಾರಸಿಯ ನೀರು ನೇರ ಸಂಪಿಗೇ ಬೇಕು, ಉಳಿಯುವುದು ಹೋಟೆಲಿನ ಮುಂದಿನ ಎಣ್ಣೆ ಜಿಡ್ಡಿನ ಅಂಗಳದ ನೀರು. ಅದನ್ನು ಕೇಸಿಂಗ್ ಪೈಪಿನೊಳಗೆ ಬಿಟ್ಟರೆ ಸುತ್ತಲಿನ ಬೋರುಗಳಿಗೆ ವಿಷ ಹಾಕಿದ ಹಾಗೆ. ಬೇಡವೆಂದೆ.

ಮಳೆಗಾಲದಲ್ಲಿ ಕಲಿತ ಒಂದು ಸಣ್ಣ ಶಿಸ್ತು: ಅಂತರಗಂಗೆ ಬೆಟ್ಟದ ಕಡೆ ಮೋಡ ಕಟ್ಟಿದ್ದರೆ ಟ್ಯಾಂಕರಿಗೆ ಫೋನ್ ಮಾಡುವುದಿಲ್ಲ. ಸಂಪಿನಲ್ಲಿ ಜಾಗ ಇರಬೇಕು.

ಈಗ ಕಟ್ಟಡಕ್ಕೆ ದಿನಕ್ಕೆ 2,600 ಲೀಟರ್ ಸಾಕಾಗುತ್ತಿದೆ. ಮಳೆ ಇಲ್ಲದ ತಿಂಗಳಲ್ಲೂ 23 ಲೋಡು 14ಕ್ಕೆ ಇಳಿದಿದೆ, 5,400 ರೂಪಾಯಿ ಉಳಿತಾಯ. ದಿನಕ್ಕೆ ಉಳಿದ 1,400 ಲೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಸೋರಿಕೆಯದ್ದು, ಅದಕ್ಕಾಗಿ ಯಾರೂ ಒಂದು ಚೊಂಬು ನೀರು ಕಡಿಮೆ ಸ್ನಾನ ಮಾಡಲಿಲ್ಲ. ನಗರಸಭೆಯವರು ಏನಾದರೂ ಮಾಡುವುದಿದ್ದರೆ ಕಂದಾಯದ ರಸೀದಿಯ ಜೊತೆ ಒಂದು ಚಿಟಿಕೆ ಬಣ್ಣದ ಪೊಟ್ಟಣ ಕೊಡಲಿ, ವಾರ್ಡಿಗೊಂದೆರಡು ಮೀಟರನ್ನು ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳಿಗೆ ತಿಂಗಳ ಮಟ್ಟಿಗೆ ಎರವಲು ಕೊಡಲಿ.

ಬಾಕಿ ಇರುವ ಕೆಲಸ: ನೀಲಿ ಡ್ರಮ್ಮಿನ ತಳದ ನಲ್ಲಿಯನ್ನು ಪ್ರತಿ ಮಳೆಯಾದ ಮೇಲೆ ಕೈಯಿಂದಲೇ ತಿರುಗಿಸಿ ಖಾಲಿ ಮಾಡಬೇಕು, ಅದಕ್ಕೆ ತಾನಾಗಿ ಹನಿಸಿ ಖಾಲಿಯಾಗುವ ಸಣ್ಣ ತೂತಿನ ವ್ಯವಸ್ಥೆ ಆಗಬೇಕು. ಹೋಟೆಲಿನ ರುಬ್ಬುವ ಯಂತ್ರ ತೊಳೆಯುವ ನೀರಿಗೆ ಇನ್ನೂ ದಾರಿ ಹೊಳೆದಿಲ್ಲ, ಹಿಟ್ಟು ಬೆರೆತ ಆ ನೀರು ಡ್ರಮ್ಮಿನಲ್ಲಿ ಮಧ್ಯಾಹ್ನಕ್ಕೇ ಹುಳಿ ವಾಸನೆ ಹೊಡೆಯುತ್ತದೆ. ಹೊಂಗೆ ಬೇರು ಮತ್ತೆ ನುಗ್ಗುತ್ತದೆಯೋ ಇಲ್ಲವೋ ನೋಡಲು ಮರದ ಪಟ್ಟಿಯನ್ನು ಮೋಟರ್ ಪಕ್ಕದ ಮೊಳೆಗೇ ನೇತುಹಾಕಿದ್ದೇವೆ, ಅಮಾವಾಸ್ಯೆ ರಾತ್ರಿ ಅಳೆಯುವುದು ಅಂತ ಮಾಡಿಕೊಂಡಿದ್ದೇವೆ. ಮರುದಿನ ಹೋಟೆಲಿಗೆ ರಜ, ಸಂಪು ನಿಧಾನವಾಗಿ ನೋಡಬಹುದು.